ಕಡಲಿಲ್ಲದ ನಾಡಿನಲ್ಲಿ ಕಡಲಕ್ಕಿಗಳು

ಮಂಗಳೂರು, ಮಲ್ಪೆ, ಕಾರವಾರಗಳ ತೀರದಲ್ಲಿ ಮೀನುದೋಣಿಗಳ ಸುತ್ತಲೂ ಕೂಗುತ್ತಾ ಹಾರಾಡುವ ಬಿಳಿಯ ಪಕ್ಷಿಗಳಿಗೆ ಕಡಲಕ್ಕಿಗಳೆಂದು ಹೆಸರು. ಇವು ಸಮುದ್ರವನ್ನು ಬಿಟ್ಟು ಬದುಕಲಾರವೆಂದು ನಾವು ಎಣಿಸುವದು ಸಹಜವೇ. ಆದರೆ ನೂರಾರು ಮೈಲು ಒಳನಾಡಿನಲ್ಲಿಯೂ ಇವು ಸಾವಿರಗಟ್ಟಲೆ ವಾಸಿಸುವದುಂಟು. ಅದು ಹೇಗೆಂಬದನ್ನು ಈ ಪಾಠದಲ್ಲಿ ವಿಚಾರಿಸೋಣ.

1. ಒಂದು ವೃತ್ತಾಂತ. ಅಮೇರಿಕಾ ದೇಶದ ಯೂಟಾ ಸೀಮೆಯಲ್ಲಿ ಮಹಾ ಲವಣ ಸರೋವರವಿದೆ. ಶಾಂತಸಾಗರವು ಅಲ್ಲಿಂದ ಸುಮಾರು 600 ಮೈಲು ದೂರ. 1847ನೇ ಜುಲೈ ತಿಂಗಳಲ್ಲಿ ಮಾರ್ಮನರೆಂಬ ಮತಸ್ಥರು ಅದರ ಸಮೀಪಕ್ಕೆ ಬಂದು ನೆಲಸಿದರು. ಮರುವರುಷ ಮೇ ಜೂನ್ ತಿಂಗಳುಗಳಲ್ಲಿ ಮಿಡತೆಯನ್ನು ಹೋಲುವ, ಆದರೆ ಹಾರಲಾರದ ದೊಡ್ಡ ಹುಳಗಳು ಹಿಂಡುಹಿಂಡಾಗಿ ಬಂದು ಎಳೆಯ ಪೈರನ್ನು ಮುತ್ತಿದವು. ಜನರು ಕೋಲಿನಿಂದ ಬಡಿದರು, ಬೆಂಕಿಯಿಂದ ಸುಟ್ಟರು, ಕಾಲುವೆಗಳಲ್ಲಿ ಮುಳುಗಿಸಿದರು. ಆದರೂ ಸಾಲದೆ ಹೋಯಿತು. ಆಗ ಕಡಲಕ್ಕಿಗಳು ಬಂದಿಳಿದು ಹುಳಗಳನ್ನು ತಿನ್ನತೊಡಗಿದವು; ತಿಂದದ್ದನ್ನು ಕಕ್ಕಿ ಪುನಃ ತಿಂದವು. ಜನರು ಇದನ್ನು ದೇವರ ಸಹಾಯವೆಂದು ಕೊಂಡಾಡಿದರು. 1913ರಲ್ಲಿ ಆ ಪಟ್ಟಣದೊಳಗೆ ಪಕ್ಷಿಗಳ ಸ್ಮಾರಕಸ್ತಂಭವನ್ನೂ ನಿಲ್ಲಿಸಿದರು.

2. ಅವು ಎಲ್ಲಿಂದ ಬಂದವು? ಸಮುದ್ರದಿಂದ ಹೊಸದಾಗಿ ಬಂದವುಗಳಲ್ಲ. ಈ ಜಾತಿಯವು ಚಳಿಗಾಲವನ್ನು ಶಾಂತಸಾಗರದ ತೀರದಲ್ಲಿ ಕಳೆದು, ಪ್ರತಿ ವಸಂತದಲ್ಲಿಯೂ ಆ ಸರೋವರದ ದ್ವೀಪಗಳಿಗೆ ಮೊಟ್ಟೆಯಿಡಲು ಬರುತ್ತವೆ. ಜನರು ಬರುವದಕ್ಕೆ ಮುಂಚೆಯೇ ಅದು ಅವುಗಳ ಮನೆಯಾಗಿತ್ತು. ಕಕ್ಕಿದ್ದಕ್ಕೂ ಕಾರಣವುಂಟು: ಹುಳದ ಗಟ್ಟಿಯಾದ ಭಾಗಗಳು ಜೀರ್ಣವಾಗದ್ದರಿಂದ ಕಡಲಕ್ಕಿಗಳು ಅವುಗಳನ್ನು ಹೊರಹಾಕುತ್ತವೆ. ಪೈರೆಲ್ಲವೂ ಉಳಿಯಿತೆಂದೂ ಹೇಳಕೂಡದು. ಆ ವರುಷ ಹಿಮವೂ ನೀರಿನ ಕೊರತೆಯೂ ಸೇರಿ ಹಾನಿಮಾಡಿದವು. ಆದರೂ ಹಸಿದವನಿಗೆ ಉಳಿದ ಕಾಳು ಕಾಳೇ. ಪಕ್ಷಿಗಳ ಉಪಕಾರವು ಸುಳ್ಳಲ್ಲ.

3. ಅವುಗಳಿಗೆ ಬೇಕಾದದ್ದು ಏನು? ನೀರು, ಆಹಾರ, ಶತ್ರುಗಳು ಸುಲಭವಾಗಿ ಬಾರದ ಗೂಡಿನ ಸ್ಥಳ, ಈ ಮೂರೇ. ಮೀನು, ಹುಳ, ಎರೆಹುಳ ಯಾವದಾದರೂ ಆದೀತು. ನೇಗಿಲ ಹಿಂದೆ ನಮ್ಮ ಬೆಳ್ಳಕ್ಕಿಗಳು ನಡೆಯುವಂತೆ ಅಲ್ಲಿ ಇವು ನಡೆಯುತ್ತವೆ. ಇದಲ್ಲದೆ ಇವುಗಳ ಕಣ್ಣುಗಳ ಮೇಲ್ಗಡೆ ಇರುವ ಗ್ರಂಥಿಗಳು ರಕ್ತದಲ್ಲಿನ ಹೆಚ್ಚಿನ ಉಪ್ಪನ್ನು ತೆಗೆದು ಮೂಗಿನ ಹೊಳ್ಳೆಗಳಿಂದ ಹೊರಡಿಸುತ್ತವೆ. ಆದದರಿಂದ ಸಿಹಿನೀರೂ ಉಪ್ಪುನೀರೂ ಅವುಗಳಿಗೆ ಒಗ್ಗುತ್ತವೆ.

4. ನಮ್ಮ ದೇಶದಲ್ಲಿ. ಚಳಿಗಾಲದಲ್ಲಿ ನಮ್ಮ ಕರಾವಳಿಗೆ ಬರುವ ಕಂದುತಲೆಯ ಕಡಲಕ್ಕಿಯು ಹುಟ್ಟುವದು ಸಮುದ್ರತೀರದಲ್ಲಲ್ಲ. ಲಡಾಖ್, ಟಿಬೆಟ್ ಮುಂತಾದ ಕಡೆ 4000 ಮೀಟರಿಗೂ ಎತ್ತರದಲ್ಲಿರುವ ಸರೋವರಗಳಲ್ಲಿ. ನಾವು ಕಡಲಿನದೆಂದು ಕರೆಯುವ ಹಕ್ಕಿಯು ಪರ್ವತಗಳ ಕೂಸು!

5. ತೀರಿಸದ ಋಣ. ಮಹಾ ಲವಣ ಸರೋವರಕ್ಕೆ ಹರಿಯಬೇಕಾದ ನದಿಗಳ ನೀರನ್ನು ಜನರು ಬಹುಕಾಲದಿಂದ ಹೊಲಗಳಿಗೂ ಊರುಗಳಿಗೂ ತಿರುಗಿಸಿಕೊಂಡಿದ್ದಾರೆ. 2022ನೇ ನವೆಂಬರಿನಲ್ಲಿ ಅದರ ಮಟ್ಟವು, ಅಳತೆ ಆರಂಭವಾದಂದಿನಿಂದ ಎಂದೂ ಇಳಿಯದಷ್ಟು ಇಳಿಯಿತು. ನೀರು ತಗ್ಗಿದರೆ ದ್ವೀಪವು ದಡಕ್ಕೆ ಸೇರುತ್ತದೆ; ತೋಳದ ಜಾತಿಯ ಮೃಗಗಳು ಗೂಡುಗಳಿಗೆ ನಡೆದೇ ಬರುತ್ತವೆ. ಹೊಲವನ್ನು ಕಾದ ಪಕ್ಷಿಯ ಮನೆಯನ್ನು ಹೊಲದವನೇ ಬತ್ತಿಸಿದರೆ ಸ್ತಂಭದಿಂದ ಏನು ಪ್ರಯೋಜನ? ನಮ್ಮ ಊರಿನ ಕೆರೆಯನ್ನೂ ನಾವು ಈ ಕಣ್ಣಿನಿಂದ ನೋಡೋಣ.

ಪ್ರಶ್ನೆಗಳು: ಕಡಲಕ್ಕಿಗಳು ಉಪ್ಪುನೀರನ್ನು ಹೇಗೆ ತಾಳುತ್ತವೆ? ಸರೋವರದ ನೀರು ಇಳಿದರೆ ಗೂಡುಗಳಿಗೆ ಏನಾಗುವದು? ನಮ್ಮ ಕೆರೆಯನ್ನು ನಂಬಿರುವ ಪಕ್ಷಿಗಳು ಯಾವವು?