ಚಕ್ಕಡಿಯಲ್ಲಿ ಉಳಿದ ಒಂದು ಜಾಗ

ಪ್ರಶ್ನೆ: ನಮ್ಮದು ನರಗುಂದ ತಾಲ್ಲೂಕಿನ ಕೊಣ್ಣೂರು. ಪ್ರತಿ ವರ್ಷ ಭರತ ಹುಣ್ಣಿಮೆಗೆ ಕೊಲ್ಲಾರಿ ಕಟ್ಟಿದ ಚಕ್ಕಡಿಯಲ್ಲಿ ಸವದತ್ತಿ ಎಲ್ಲಮ್ಮನ ಗುಡ್ಡಕ್ಕೆ ಹೋಗುತ್ತೇವೆ. ಹೋಗಲು ಎರಡು ದಿನ, ಗುಡ್ಡದಲ್ಲಿ ಎರಡು ದಿನ, ಬರಲು ಎರಡು ದಿನ. ನಾನು, ನಮ್ಮ ಮನೆಯವರು, ಅತ್ತೆ, ಎಂಟು ವರ್ಷದ ಮಗಳು. ಈ ಸಲ ಮನೆಯವರು ಬೆಂಗಳೂರಿನಲ್ಲಿರುವ ತಮ್ಮ ಇಬ್ಬರು ಗೆಳೆಯರನ್ನು ಹೆಂಡಿರು ಮಕ್ಕಳ ಸಮೇತ ಕರೆದುಬಿಟ್ಟಿದ್ದಾರೆ. ಫೋನಿನಲ್ಲಿ ‘ಬರ್ರಿ, ಚಕ್ಕಡಿ ನಮ್ಮದ ಐತಿ’ ಅಂದದ್ದು ಕಿವಿಗೆ ಬಿದ್ದಾಗಲೇ ನನಗೆ ಗೊತ್ತಾದದ್ದು. ಹೋದ ವರ್ಷ ಅವರಲ್ಲಿ ಒಬ್ಬರ ಸಂಸಾರ ಒಂದೇ ದಿನಕ್ಕೆ ಬಂದಿತ್ತು. ಬೆಳಿಗ್ಗೆ ಎದ್ದವರೇ ಬಾತ್‌ರೂಮ್ ಎಲ್ಲಿ ಅಂದರು. ದೇವಿಗೆಂದು ಅತ್ತೆ ತೆಗೆದಿಟ್ಟಿದ್ದ ಹೋಳಿಗೆ ಡಬ್ಬಿ ಬಿಚ್ಚಿ ಮಗುವಿಗೆ ತಿನ್ನಿಸಿದರು. ಅತ್ತೆ ಮೂರು ದಿನ ಮಾತು ಬಿಟ್ಟರು, ನನ್ನ ಜೊತೆ. ಈಗ ಬೇಡ ಅಂದರೆ ಗೆಳೆತನ ಕೆಡುತ್ತದೆ ಅನ್ನುತ್ತಾರೆ ಇವರು. ಹೂಂ ಅಂದರೆ ನನ್ನ ಜಾತ್ರೆ ಕೆಡುತ್ತದೆ. ಏನು ಮಾಡಲಿ?
— ಹೆಸರು ಬೇಡ, ಕೊಣ್ಣೂರು

ಉತ್ತರ: ನಿಮ್ಮ ಪತ್ರದಲ್ಲಿ ನಾನು ಎರಡು ಸಲ ಓದಿದ ಮಾತು ಯಾವುದು ಗೊತ್ತೇ? ‘ಅತ್ತೆ ಮೂರು ದಿನ ಮಾತು ಬಿಟ್ಟರು, ನನ್ನ ಜೊತೆ.’ ಕರೆದವರು ಯಜಮಾನರು, ಡಬ್ಬಿ ಬಿಚ್ಚಿದವರು ಬೀಗರಂತೆ ಬಂದ ಗೆಳೆಯರು, ಮುನಿಸು ಬಂದು ಕೂತದ್ದು ನಿಮ್ಮ ತಲೆಯ ಮೇಲೆ. ನಿಮಗೆ ಗೆಳೆಯರ ಮೇಲೆ ಅಂಥ ಸಿಟ್ಟೇನೂ ಇದ್ದಂತಿಲ್ಲ. ಕರೆಯುವುದು ಒಬ್ಬರ ಕೆಲಸ, ರೊಟ್ಟಿ ಬಡಿಯುವುದು ಇನ್ನೊಬ್ಬರ ಕೆಲಸ ಆಗಿರುವುದೇ ನಿಮ್ಮನ್ನು ಸುಡುತ್ತಿದೆ.

ಆ ಮಾತನ್ನು ಯಜಮಾನರ ಮುಂದೆ ಎತ್ತುವುದಕ್ಕೆ ಮೊದಲು ಒಂದು ಲೆಕ್ಕ ಮುಂದಿಡಿ. ಲೆಕ್ಕಕ್ಕೆ ಯಾರೂ ಮುನಿಸಿಕೊಳ್ಳುವುದಿಲ್ಲ. ಬಂಡಿ ಎಳೆಯುವ ಪ್ರಾಣಿಗಳಿಗಾಗಿ ಕೇಂದ್ರ ಸರ್ಕಾರ 1965ರಲ್ಲೇ ನಿಯಮ ಮಾಡಿದೆ. ಹೊಡೆಯುವವನನ್ನೂ ಆರು ವರ್ಷದೊಳಗಿನ ಮಕ್ಕಳನ್ನೂ ಬಿಟ್ಟು ಬಂಡಿಯಲ್ಲಿ ನಾಲ್ವರಿಗಿಂತ ಹೆಚ್ಚು ಜನ ಕೂರುವಂತಿಲ್ಲ. ದಿನಕ್ಕೆ ಒಟ್ಟು 9 ತಾಸಿಗಿಂತ ಹೆಚ್ಚು, ನಡುವೆ ಬಿಡುವಿಲ್ಲದೆ 5 ತಾಸಿಗಿಂತ ಹೆಚ್ಚು ಎತ್ತುಗಳನ್ನು ಹೂಡುವಂತಿಲ್ಲ. ಜಾತ್ರೆ ದಾರಿಯಲ್ಲಿ ಇದನ್ನು ತಲೆ ಎಣಿಸಿ ನೋಡುವವರು ಯಾರೂ ಇಲ್ಲ, ನಿಜ. ಎತ್ತಿನ ಹೆಗಲಿಗೆ ಮಾತ್ರ ಎಣಿಕೆ ಗೊತ್ತಾಗುತ್ತದೆ. ಯಜಮಾನರು ಹೊಡೆಯುತ್ತಾರೆ. ನೀವು, ಅತ್ತೆ, ಮಗಳು ಸೇರಿ ಮೂವರಾಯಿತು. ಉಳಿದದ್ದು ಒಂದೇ ಜಾಗ. ಬರುವವರು ಎರಡು ಸಂಸಾರ. ಮೇವಿನ ಹೊರೆ, ಹಾಸಿಗೆ ಗಂಟು, ರೊಟ್ಟಿ ಬುತ್ತಿ, ಪಾತ್ರೆಗಳನ್ನು ನಾನಿನ್ನೂ ಲೆಕ್ಕಕ್ಕೆ ಹಿಡಿದಿಲ್ಲ. ‘ಹಂಗಾರ ಟ್ರ್ಯಾಕ್ಟರ್ ಟ್ರೇಲರ್ ತಗೊಂಡ್ ಹೋಗೂಣು’ ಎಂದು ಯಜಮಾನರು ಅಂದರೆ ಒಪ್ಪಬೇಡಿ. ಟ್ರೇಲರ್ ಇರುವುದು ಸರಕಿಗೆ, ಜನರಿಗಲ್ಲ.

ಆದ್ದರಿಂದ ‘ಬರಬೇಡಿ’ ಅನ್ನುವ ಪ್ರಶ್ನೆಯೇ ಇಲ್ಲ. ಯಾವಾಗ ಬರಬೇಕು, ಎಲ್ಲಿ ಬಂದು ಸೇರಬೇಕು ಎಂದು ಹೇಳಬೇಕಾದದ್ದು ಮಾತ್ರ ಇದೆ. ನನ್ನ ಸಲಹೆ ಇಷ್ಟು: ಹೋಗುವ ದಾರಿಗೆ ಅವರು ಬೇಡ. ಆ ಎರಡು ದಿನ ಅತ್ತೆಯವರ ಮನಸ್ಸೆಲ್ಲ ಮಡಿಯ ಮೇಲೆ, ದೇವಿಯ ಗಂಟಿನ ಮೇಲೆ. ನೆಂಟರ ಮಗು ಕೆಮ್ಮಿದರೂ ಅವರಿಗೆ ಅಪಶಕುನ. ಗೆಳೆಯರು ರಾತ್ರಿ ರೈಲಿಗೆ ಹುಬ್ಬಳ್ಳಿಗೋ ಧಾರವಾಡಕ್ಕೋ ಬಂದು ಇಳಿಯಲಿ. ಹುಣ್ಣಿಮೆಗೆ ವಾಯವ್ಯ ಸಾರಿಗೆಯವರು ಗುಡ್ಡಕ್ಕೆ ವಿಶೇಷ ಬಸ್ಸು ಬಿಡುತ್ತಾರೆ. ನೀವು ಪಡಲಗಿ ತುಂಬುವ ಹೊತ್ತಿಗೆ ಬಂದು ಸೇರಲಿ, ಹೋಳಿಗೆ ಕಡಬು ಕೂತು ಉಣ್ಣಲಿ, ರಾತ್ರಿ ಬೇಕಾದರೆ ಸವದತ್ತಿಯಲ್ಲಿ ಕೋಣೆ ಹಿಡಿಯಲಿ. ಚಕ್ಕಡಿಯ ಆಸೆ ಇದ್ದರೆ ಮರುದಾರಿಯಲ್ಲಿ ಅರ್ಧ ದಿನ ಜೊತೆಗೆ ಬರಲಿ. ಅಷ್ಟೊತ್ತಿಗೆ ಬುತ್ತಿ ಕರಗಿರುತ್ತದೆ, ಮೇವು ಇಳಿದಿರುತ್ತದೆ, ಅತ್ತೆಯವರ ಹರಕೆ ಮುಟ್ಟಿರುತ್ತದೆ, ಮುಖವೂ ಸಡಿಲಾಗಿರುತ್ತದೆ. ಮಕ್ಕಳು ಸರದಿಯಲ್ಲಿ ಕೂರಲಿ, ದೊಡ್ಡವರು ಗಾಲಿಯ ಪಕ್ಕ ನಡೆಯಲಿ, ಬಸ್ಸು ನಿಲ್ಲುವ ಊರು ಬಂದಾಗ ಇಳಿದುಕೊಳ್ಳಲಿ. ನೆಂಟರನ್ನು ಕರೆಯುವಾಗ ಬರುವ ದಿನ ಹೇಳುವ ನಾವು ಹೊರಡುವ ದಿನ ಹೇಳಲು ನಾಚುತ್ತೇವೆ. ಇಲ್ಲಿ ಆ ನಾಚಿಕೆ ಬೇಡ, ಬಸ್ಸಿನ ಹೊತ್ತನ್ನೂ ಸೇರಿಸಿ ಹೇಳಿ.

ಇದನ್ನೆಲ್ಲ ಫೋನು ಮಾಡಿ ಹೇಳಬೇಕಾದವರು ಯಜಮಾನರು, ನೀವಲ್ಲ. ಈ ಒಂದರಲ್ಲಿ ಸಡಿಲ ಬಿಡಬೇಡಿ. ಬಾತ್‌ರೂಮಿನ ಮಾತೂ ಅವರದೇ: ‘ದಾರ್ಯಾಗ ಬಯಲ ಗತಿ, ಗುಡ್ಡದಾಗ ಸಾಲು ಹಚ್ಚಬೇಕು. ರಾತ್ರಿ ಥಂಡಿ ಭಾಳ, ಕಂಬಳಿ ನೀವ ತರ್ರಿ.’ ಸಂಕೋಚದಿಂದ ಅರ್ಧ ಹೇಳಿದರೆ ಉಳಿದರ್ಧವನ್ನು ಬೆಳಗಿನ ಜಾವ ಆ ಹೆಣ್ಣುಮಕ್ಕಳು ನಿಮ್ಮನ್ನು ಕೇಳುತ್ತಾರೆ.

ನೀವು ಹೊಳೆಸಾಲಿನವರು. ಹರಿಗೋಲು ಹತ್ತಿದ ಹಿರಿಯರು ಊರಲ್ಲಿದ್ದರೆ ಕೇಳಿ ನೋಡಿ. ಅಂಬಿಗ ‘ನೀ ಅಲ್ಲಿ ಕೂಡು, ನೀ ಇತ್ತ ಬಾ’ ಅನ್ನುತ್ತಾನೆ, ಗೌಡನಾದರೂ ಸರಿದು ಕೂರುತ್ತಾನೆ. ಅವಮಾನ ಅಂತ ಯಾರಿಗೂ ಅನ್ನಿಸುವುದಿಲ್ಲ, ಮುಳುಗುವ ಭಯ ಎಲ್ಲರಿಗೂ ಒಂದೇ. ಸಮುದ್ರದ ದೋಣಿಯಲ್ಲೂ ಹಾಗೇ. ನಮ್ಮ ನೌಕಾಪಡೆಯ ದಿಲ್ನಾ, ರೂಪಾ ಎಂಬ ಇಬ್ಬರು ಅಧಿಕಾರಿಗಳು 2024ರ ಅಕ್ಟೋಬರ್ 2ರಂದು ಗೋವಾದಿಂದ ‘ತಾರಿಣಿ’ ಎಂಬ 56 ಅಡಿಯ ಹಾಯಿದೋಣಿಯಲ್ಲಿ ಹೊರಟು, ಭೂಮಿ ಸುತ್ತಿ, 2025ರ ಮೇ 29ಕ್ಕೆ ಮರಳಿದರು. ಸುಮಾರು ಎಂಟು ತಿಂಗಳು ಇಬ್ಬರೇ. ಒಬ್ಬರು ಮಲಗಿದರೆ ಇನ್ನೊಬ್ಬರು ಎಚ್ಚರ ಇರಲೇಬೇಕು. ಅಲ್ಲಿ ಅತಿಥಿ ಎನ್ನುವ ಸ್ಥಾನವೇ ಇರಲಿಲ್ಲ. ನಿಮ್ಮ ಚಕ್ಕಡಿ ಅದಕ್ಕಿಂತ ಎಷ್ಟು ಚಿಕ್ಕದು ನೋಡಿ.

ಬಂದವರಿಗೆ ಕೆಲಸ ಕೊಡಿ. ಇದು ಕಠಿಣ ಎಂದು ನಿಮಗೆ ಅನ್ನಿಸಬಹುದು. ನನ್ನ ಅನುಭವದಲ್ಲಿ ಕೆಲಸವಿಲ್ಲದ ನೆಂಟನೇ ಡಬ್ಬಿ ಬಿಚ್ಚುವುದು. ಗೆಳೆಯರಿಬ್ಬರೂ ಎತ್ತುಗಳಿಗೆ ನೀರು ತರಲಿ, ಒಲೆಗೆ ಮೂರು ಕಲ್ಲು ಹೊಂದಿಸಲಿ. ಬೆಂಗಳೂರಿನ ಮಕ್ಕಳಿಗೆ ಎತ್ತಿನ ಮುಂದೆ ಮೇವು ಹಾಕುವುದಕ್ಕಿಂತ ದೊಡ್ಡ ಜಾತ್ರೆ ಬೇರೆ ಇಲ್ಲ. ಆ ಹೆಂಗಸರಿಗೆ ರೊಟ್ಟಿ ಬಡಿಯಲು ಬಾರದೇ ಇದ್ದೀತು. ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಹಿಂಡಿ ಹೇಗೂ ಮನೆಯಿಂದಲೇ ಒಯ್ಯುತ್ತೀರಿ, ಬಡಿಸುವ ಪಾಳಿ ಅವರದಾಗಲಿ.

ಅತ್ತೆಯವರ ಹೋಳಿಗೆಯ ವಿಷಯ ಸೂಕ್ಷ್ಮ. ದೇವಿಯ ಡಬ್ಬಿಗಳನ್ನು ಬೇರೆ ಗಂಟು ಕಟ್ಟಿ ಅವರ ತಲೆದೆಸೆಯಲ್ಲೇ ಇಡಿಸಿ. ಬಂದವರನ್ನು ನೇರವಾಗಿ ಅವರ ಹತ್ತಿರ ಕೂರಿಸಿ, ‘ಪಡಲಗಿಗೆ ಏನೇನು ಬೇಕು, ಇವರಿಗೆ ಸ್ವಲ್ಪ ಹೇಳ್ರೆವ್ವಾ’ ಅನ್ನಿ. ವಯಸ್ಸಾದವರಿಗೆ ಮುಟ್ಟಬೇಡ ಅನ್ನುವುದು ಕಷ್ಟ, ಕಲಿಸುವುದು ಖುಷಿ. ಒಂದು ತಾಸು ಹೇಳಿಸಿಕೊಂಡವರು ಆ ಗಂಟಿಗೆ ಕೈ ಹಾಕಲಾರರು. ಹೋದ ವರ್ಷ ಅವರಿಗೆ ಯಾರೂ ಹೇಳಿರಲಿಲ್ಲ ಎಂಬುದನ್ನೂ ನೀವು ಒಪ್ಪಬೇಕು.

ಇನ್ನು ಹೋಗುವ ದಾರಿಯಲ್ಲಿ ಉಳಿದ ಆ ಒಂದು ಜಾಗ. ಯಜಮಾನರು ಅದಕ್ಕೂ ಯಾರನ್ನೋ ಹುಡುಕಬಹುದು, ಓಣಿಯ ಅಜ್ಜಿಯನ್ನೋ, ದೂರದ ಸೋದರಮಾವನನ್ನೋ. ಕೊಡಬೇಡಿ. ಅಲ್ಲೊಂದು ಕೌದಿ ಹಾಸಿ, ಕಾಲು ಚಾಚಿ ಮಲಗಿ.