ಅಡುಗೆಮನೆಯ ಕನ್ನಡ: ಮನೆಯ ಅಡುಗೆಯಿಂದ ಭಾಷಾಪಾಠ

ಪಾಠದ ಆಶಯ

ಹೀಗೊಂದು ಸಂದರ್ಭವನ್ನು ಊಹಿಸಿಕೊಳ್ಳೋಣ. ನಂಗವಳ್ಳಿಯ ಸುತ್ತಿನ ಒಂದು ಶಾಲೆಯಲ್ಲಿ ಐದನೆಯ ತರಗತಿಯ ಬಾಲಕಿಯೊಬ್ಬಳು ‘ನಿನ್ನೆ ರಾತ್ರಿ ನಮ್ಮ ಮನೆಯಲ್ಲಿ ಕಳಿ ಮಾಡಿದರು’ ಎಂದು ಬರೆಯುತ್ತಾಳೆ. ಶಿಕ್ಷಕರು ‘ಕಳಿ’ ಎಂಬ ಪದವನ್ನು ಕೆಂಪು ಶಾಯಿಯಿಂದ ಹೊಡೆದುಹಾಕಿ ‘ಮುದ್ದೆ’ ಎಂದು ತಿದ್ದುತ್ತಾರೆ. ತಿದ್ದುಪಡಿ ಸರಿಯಾದುದೇ, ಆದರೆ ಮಗು ಅದರಿಂದ ಕಲಿತುದೇನು? ತನ್ನ ಮನೆಯ ಮಾತು ತಪ್ಪು, ಪುಸ್ತಕದ ಮಾತು ಮಾತ್ರ ಸರಿ ಎಂಬುದನ್ನು. ಮರುದಿನದಿಂದ ಆಕೆ ಮನೆಯ ವಿಷಯವನ್ನು ಬರೆಯುವುದನ್ನೇ ಬಿಟ್ಟುಬಿಡಬಹುದು.

ಸೇಲಂ, ಧರ್ಮಪುರಿ ಜಿಲ್ಲೆಗಳಲ್ಲಿ ನೇಕಾರರು, ಕೃಷಿಕರು ಮುಂತಾದ ಅನೇಕ ಕುಟುಂಬಗಳು ತಲೆಮಾರುಗಳಿಂದ ಮನೆಯಲ್ಲಿ ಕನ್ನಡವನ್ನು ಉಳಿಸಿಕೊಂಡು ಬಂದಿವೆ. ಈ ಮನೆಗಳ ಮಕ್ಕಳಿಗೆ ಬೀದಿಯಲ್ಲಿ, ಸಂತೆಯಲ್ಲಿ, ಬಸ್ಸಿನಲ್ಲಿ ಕೇಳಿಬರುವುದು ತಮಿಳು. 2006ರ ತಮಿಳು ಕಲಿಕೆ ಕಾಯಿದೆಯ ಅನಂತರ ರಾಜ್ಯದ ಶಾಲೆಗಳಲ್ಲಿ ತಮಿಳು ಕಡ್ಡಾಯ ವಿಷಯವಾಗಿದೆ. ಅದನ್ನು ಚೆನ್ನಾಗಿ ಕಲಿಯುವುದು ಮಕ್ಕಳ ಬದುಕಿಗೆ ಅಗತ್ಯವೂ ಹೌದು. ಪ್ರಾಥಮಿಕ ಹಂತದಲ್ಲಿ ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ಮಾತೃಭಾಷೆಯಲ್ಲಿ ಶಿಕ್ಷಣ ನೀಡಲು ಸೌಲಭ್ಯ ಒದಗಿಸಬೇಕೆಂದು ಸಂವಿಧಾನದ 350ಎ ವಿಧಿ ಹೇಳುತ್ತದೆ. ಸೌಲಭ್ಯವಿದ್ದರೂ ಪದಗಳು ಬಾಯಿಂದ ಬಾಯಿಗೆ ದಾಟದಿದ್ದರೆ ಭಾಷೆ ಪುಸ್ತಕದಲ್ಲಷ್ಟೇ ಉಳಿಯುತ್ತದೆ. ಇಂತಹ ಮನೆಗಳಲ್ಲಿ ಕನ್ನಡವು ಬಹುಕಾಲ ಗಟ್ಟಿಯಾಗಿ ನಿಲ್ಲುವ ಸ್ಥಳಗಳಲ್ಲಿ ಅಡುಗೆಮನೆಯೂ ಒಂದು. ಆದುದರಿಂದ ಈ ಪಾಠವು ಅಲ್ಲಿಂದಲೇ ಆರಂಭವಾಗುತ್ತದೆ.

ಕಲಿಕೆಯ ಉದ್ದೇಶಗಳು

ಪಾಠದ ಅಂತ್ಯಕ್ಕೆ ವಿದ್ಯಾರ್ಥಿಯು ಮನೆಯ ಒಂದು ಅಡುಗೆಯ ಕ್ರಮವನ್ನು ಕೇಳಿ ತಿಳಿದು, ಅನುಕ್ರಮ ತಪ್ಪದೆ ಹೇಳಬೇಕು ಮತ್ತು ಬರೆಯಬೇಕು. ಕೃದಂತಾವ್ಯಯ ಹಾಗೂ ಪ್ರೇರಣಾರ್ಥಕ ಕ್ರಿಯಾಪದಗಳನ್ನು ಗುರುತಿಸಿ ಬಳಸಬೇಕು. ಕನ್ನಡ ಮತ್ತು ತಮಿಳಿನ ಸಮಾನ ಪದಗಳ ಸಂಬಂಧವನ್ನು ಅರಿಯಬೇಕು. ಐದರಿಂದ ಎಂಟನೆಯ ತರಗತಿಯವರೆಗೆ, ಮಟ್ಟಕ್ಕೆ ತಕ್ಕ ಬದಲಾವಣೆಗಳೊಡನೆ, ನಾಲ್ಕು ಅವಧಿಗಳಲ್ಲಿ ಇದನ್ನು ಬೋಧಿಸಬಹುದು.

ಪೂರ್ವಸಿದ್ಧತೆ

ಪಾಠಕ್ಕೆ ಮೂರು ದಿನ ಮೊದಲೇ ವಿದ್ಯಾರ್ಥಿಗಳಿಗೆ ಒಂದು ಕೆಲಸವನ್ನು ಒಪ್ಪಿಸಬೇಕು. ಮನೆಯಲ್ಲಿ ಅಡುಗೆ ಮಾಡುವವರ ಬಳಿ, ಅವರು ಅಜ್ಜಿಯಾಗಲಿ, ಅಮ್ಮನಾಗಲಿ, ಅಪ್ಪನಾಗಲಿ, ಕುಳಿತು ಎರಡು ಅಡುಗೆಗಳ ಕ್ರಮವನ್ನು ಕೇಳಿ ಬರಬೇಕು: ಒಂದು ದಿನನಿತ್ಯದ್ದು, ಮತ್ತೊಂದು ಹಬ್ಬದ್ದು. ಅವರು ಹೇಳಿದ ಪದಗಳನ್ನು ಹೇಳಿದಂತೆಯೇ ಬರೆದುಕೊಳ್ಳಬೇಕು. ಕನ್ನಡವೋ ತಮಿಳೋ ಎಂಬ ಶೋಧನೆ ಈ ಹಂತದಲ್ಲಿ ಬೇಡ. ‘ಎಷ್ಟು ಹಾಕಬೇಕು? ಯಾವಾಗ ಹಾಕಬೇಕು? ಮೊದಲೇ ಹಾಕಿದರೆ ಏನಾಗುತ್ತದೆ?’ ಈ ಮೂರು ಪ್ರಶ್ನೆಗಳನ್ನು ಕಡ್ಡಾಯವಾಗಿ ಕೇಳಬೇಕು. ಮೂರನೆಯ ಪ್ರಶ್ನೆಯಲ್ಲಿಯೇ ಅಡುಗೆಯ ತಿಳಿವಳಿಕೆಯೆಲ್ಲ ಅಡಗಿದೆ.

ಮಾದರಿ ಬರಹ 1: ನಿತ್ಯದ ಊಟ – ರಾಗಿಮುದ್ದೆ, ಹುರುಳಿಯ ಬಸ್ಸಾರು

(ಶಿಕ್ಷಕರು ಇದನ್ನು ಗಟ್ಟಿಯಾಗಿ ಓದಿ, ಅನಂತರ ವಿದ್ಯಾರ್ಥಿಗಳಿಂದ ಓದಿಸುವುದು.)

ಒಂದು ಲೋಟ ಹುರುಳಿಕಾಳನ್ನು ಕಲ್ಲು ಆರಿಸಿ, ತೊಳೆದು, ರಾತ್ರಿಯೆಲ್ಲ ನೆನೆಸಬೇಕು. ಬೆಳಿಗ್ಗೆ ಆರು ಲೋಟ ನೀರು ಹಾಕಿ ಮೆತ್ತಗಾಗುವವರೆಗೆ ಬೇಯಿಸಬೇಕು. ಬೆಂದ ಮೇಲೆ ಕಟ್ಟನ್ನು ಬೇರೆ ಪಾತ್ರೆಗೆ ಬಸಿದುಕೊಳ್ಳಬೇಕು. ಬೆಂದ ಕಾಳಿನಲ್ಲಿ ಒಂದು ಹಿಡಿಯನ್ನು ತೆಗೆದು, ಸುಟ್ಟ ಅಥವಾ ಹುರಿದ ಈರುಳ್ಳಿ, ನಾಲ್ಕೈದು ಎಸಳು ಬೆಳ್ಳುಳ್ಳಿ, ಜೀರಿಗೆ, ಕಾಳುಮೆಣಸು, ಮೂರು ಒಣಮೆಣಸಿನಕಾಯಿಗಳೊಡನೆ ನುಣ್ಣಗೆ ಅರೆಯಬೇಕು. ಅರೆದುದನ್ನು ಕಟ್ಟಿನೊಳಗೆ ಕದಡಿ, ಸಣ್ಣ ನಿಂಬೆಗಾತ್ರದ ಹುಣಸೆಹಣ್ಣಿನ ರಸ ಮತ್ತು ಉಪ್ಪು ಸೇರಿಸಿ ಕುದಿಸಬೇಕು. ಕೊನೆಯಲ್ಲಿ ಸಾಸಿವೆ, ಕರಿಬೇವಿನ ಒಗ್ಗರಣೆ. ಉಳಿದ ಕಾಳಿಗೆ ಈರುಳ್ಳಿ ಒಗ್ಗರಣೆ ಹಾಕಿದರೆ ಪಲ್ಯವಾಯಿತು.

ಮುದ್ದೆಗೆ ನಾಲ್ಕು ಲೋಟ ನೀರನ್ನು ಕುದಿಯಲಿಟ್ಟು, ಒಂದು ಹಿಡಿ ಅಕ್ಕಿನುಚ್ಚನ್ನು ಹಾಕಿ ಬೇಯಿಸಬೇಕು. ನುಚ್ಚು ಬೆಂದ ಮೇಲೆ ಎರಡು ಲೋಟ ರಾಗಿಹಿಟ್ಟನ್ನು ನಡುವೆ ಗುಡ್ಡೆಯಾಗಿ ಸುರಿಯಬೇಕು, ಕೂಡಲೇ ಕಲಕಬಾರದು. ಕೋಲಿನಿಂದ ನಡುವೆ ತೂತು ಮಾಡಿ, ಉರಿ ತಗ್ಗಿಸಿ, ಐದಾರು ನಿಮಿಷ ಹಿಟ್ಟು ಬೇಯಲು ಬಿಡಬೇಕು. ಅನಂತರ ಗಂಟಾಗದಂತೆ ಬಲವಾಗಿ ತಿರುವಿ, ಮುಚ್ಚಿ, ಎರಡು ನಿಮಿಷ ಬಿಟ್ಟು, ನೀರು ಸವರಿದ ತಟ್ಟೆಯ ಮೇಲೆ ಉಂಡೆ ಕಟ್ಟಬೇಕು.

ಮಾದರಿ ಬರಹ 2: ಯುಗಾದಿಯ ಊಟ – ಒಬ್ಬಟ್ಟು, ಒಬ್ಬಟ್ಟಿನ ಸಾರು

ಒಂದು ಲೋಟ ಮೈದಾಹಿಟ್ಟಿಗೆ ಚಿಟಿಕೆ ಅರಿಸಿನ, ಚಿಟಿಕೆ ಉಪ್ಪು, ನೀರು ಹಾಕಿ ಸಡಿಲವಾಗಿ ಕಲಸಿ, ಮೂರು ನಾಲ್ಕು ಚಮಚ ಎಣ್ಣೆ ಬಿಟ್ಟು ಚೆನ್ನಾಗಿ ನಾದಿ, ಎರಡು ಗಂಟೆಯ ಕಾಲ ನೆನೆಯಲು ಬಿಡಬೇಕು. ಇದು ಕಣಕ. ಒಂದು ಲೋಟ ಕಡಲೆಬೇಳೆಯನ್ನು ಧಾರಾಳ ನೀರಿನಲ್ಲಿ ಬೇಯಿಸಬೇಕು. ಬೆರಳಿನಿಂದ ಹಿಸುಕಿದರೆ ಬೇಳೆ ನುರಿಯಬೇಕು, ಆದರೆ ಕರಗಿ ಗಂಜಿಯಾಗಬಾರದು. ಆಗ ಅದನ್ನು ಬಸಿದು, ಒಂದು ಲೋಟ ಪುಡಿಬೆಲ್ಲ ಸೇರಿಸಿ, ನೀರಿನಂಶ ಆರುವವರೆಗೆ ಮಗುಚಿ, ಏಲಕ್ಕಿ ಹಾಕಿ ನುಣ್ಣಗೆ ರುಬ್ಬಿದರೆ ಹೂರಣ. ನಿಂಬೆಗಾತ್ರದ ಕಣಕವನ್ನು ಅಂಗೈಯಲ್ಲಿ ಅಗಲಿಸಿ, ಅದಕ್ಕಿಂತ ದೊಡ್ಡದಾದ ಹೂರಣದುಂಡೆಯನ್ನು ಒಳಗಿಟ್ಟು ಮುಚ್ಚಿ, ಎಣ್ಣೆ ಸವರಿದ ಬಾಳೆಯೆಲೆಯ ಮೇಲೆ ತಟ್ಟಿ, ಕಾದ ಹಂಚಿನ ಮೇಲೆ ಎರಡೂ ಕಡೆ ಬೇಯಿಸಬೇಕು. ಬಸಿದ ನೀರಿಗೆ ಸ್ವಲ್ಪ ಹೂರಣ, ಹುಣಸೆರಸ, ಸಾರಿನಪುಡಿ, ಉಪ್ಪು ಹಾಕಿ ಕುದಿಸಿ ಒಗ್ಗರಣೆ ಕೊಟ್ಟರೆ ಒಬ್ಬಟ್ಟಿನ ಸಾರು.

ಬೋಧನೆಯ ಹಂತಗಳು

1. ಒಂದು ಕ್ರಿಯಾಪದದ ಸುತ್ತ ಚರ್ಚೆ. ಎರಡೂ ಬರಹಗಳಲ್ಲಿ ಬರುವ ಮುಖ್ಯವಾದ ಒಂದು ಕೆಲಸ ಯಾವುದು ಎಂದು ತರಗತಿಯನ್ನು ಕೇಳಬೇಕು. ಬಡ ದಿನದ ಹುರುಳಿಯೇ ಆಗಲಿ, ಹಬ್ಬದ ಕಡಲೆಬೇಳೆಯೇ ಆಗಲಿ, ಬೇಯಿಸಿದ ನೀರನ್ನು ಯಾರೂ ಚೆಲ್ಲುವುದಿಲ್ಲ. ಬಸಿದು ಸಾರು ಮಾಡುತ್ತಾರೆ. ‘ಬಸಿದ ಸಾರು’ ಎಂಬುದೇ ಆಡುಮಾತಿನಲ್ಲಿ ‘ಬಸ್ಸಾರು’ ಆಗಿದೆ. ಒಂದು ಪಾತ್ರೆಯಿಂದ ಸಾರೂ ಪಲ್ಯವೂ ಹುಟ್ಟುತ್ತವೆ. ಇನ್ನೊಂದರಿಂದ ಸಿಹಿಯೂ ಸಾರೂ ಹುಟ್ಟುತ್ತವೆ. ಈ ಒಂದು ಪದವು ಮರೆತುಹೋದರೆ ಅದರೊಡನೆ ಒಂದು ಮಿತವ್ಯಯದ ಬುದ್ಧಿಯೂ ಹೆಸರಿಲ್ಲದಂತಾಗುತ್ತದೆ ಎಂಬುದನ್ನು ಮಕ್ಕಳೇ ಹೇಳುವಂತೆ ಪ್ರಶ್ನೆಗಳನ್ನು ಕೇಳಬೇಕು.

2. ಕೃದಂತಾವ್ಯಯ. ‘ತೊಳೆದು, ನೆನೆಸಿ, ಬೇಯಿಸಿ, ಬಸಿದು, ಅರೆದು’ ಎಂಬ ಪದಗಳನ್ನು ಕಪ್ಪುಹಲಗೆಯ ಮೇಲೆ ಬರೆಯಬೇಕು. ಇವು ಮುಂದಿನ ಕ್ರಿಯೆಯನ್ನು ನಿರೀಕ್ಷಿಸುವ ಪದಗಳು. ಅನಂತರ ‘ಬಸಿದು ಬೇಯಿಸಬೇಕು’, ‘ಬೇಯಿಸಿ ಬಸಿಯಬೇಕು’ ಎಂಬ ಎರಡು ವಾಕ್ಯಗಳನ್ನು ಕೊಟ್ಟು, ಪದಗಳು ಸ್ಥಾನ ಬದಲಿಸಿದರೆ ಅಡುಗೆಯೇ ಕೆಡುತ್ತದೆ ಎಂಬುದನ್ನು ತೋರಿಸಬೇಕು. ಬೇಳೆ ಬೇಯುವ ಮೊದಲೇ ಬೆಲ್ಲವನ್ನಾಗಲಿ ಹುಣಸೆರಸವನ್ನಾಗಲಿ ಹಾಕಿದರೆ ಬೇಳೆ ಮೆತ್ತಗಾಗದೆ ಗಟ್ಟಿಯಾಗಿಯೇ ಉಳಿಯುತ್ತದೆ. ಮಕ್ಕಳು ಮನೆಯಲ್ಲಿ ಕೇಳಿಬಂದ ಮೂರನೆಯ ಪ್ರಶ್ನೆಯ ಉತ್ತರಗಳನ್ನು ಇಲ್ಲಿ ಹೇಳಿಸುವುದು.

3. ಪ್ರೇರಣಾರ್ಥಕ ರೂಪ. ಬೇಳೆ ಬೇಯುತ್ತದೆ, ಅಜ್ಜಿ ಬೇಳೆಯನ್ನು ಬೇಯಿಸುತ್ತಾರೆ. ಸಾರು ಕುದಿಯುತ್ತದೆ; ಅಪ್ಪ ಸಾರನ್ನು ಕುದಿಸುತ್ತಾರೆ. ಬೆಲ್ಲ ಕರಗುತ್ತದೆ, ಅಮ್ಮ ಬೆಲ್ಲವನ್ನು ಕರಗಿಸುತ್ತಾರೆ. ‘ಇಸು’ ಪ್ರತ್ಯಯವು ಸೇರಿದಾಗ ವಾಕ್ಯದೊಳಗೆ ಒಬ್ಬ ಕರ್ತೃ ಬಂದು ನಿಲ್ಲುತ್ತಾನೆ. ‘ಅಜ್ಜಿ ಮಸಾಲೆ ಅರೆದರು’, ‘ಅಜ್ಜಿ ಅಕ್ಕನಿಂದ ಮಸಾಲೆ ಅರೆಸಿದರು’ ಎಂಬ ವಾಕ್ಯಗಳ ವ್ಯತ್ಯಾಸವನ್ನು ಮಕ್ಕಳಿಂದಲೇ ವಿವರಿಸಿಸಬೇಕು.

4. ತಮಿಳು–ಕನ್ನಡ ಹೋಲಿಕೆ. ಎರಡು ಭಾಷೆಗಳನ್ನು ಬಲ್ಲ ಮಗುವಿಗೆ ಇದು ದೊಡ್ಡ ಅನುಕೂಲವಾಗಿದೆ. ಕಪ್ಪುಹಲಗೆಯ ಒಂದು ಬದಿಯಲ್ಲಿ ತಮಿಳಿನ ವೇಂಬು, ವೆಲ್ಲಂ, ವೆಣ್ಣೆಯ್, ವಾಳೈ. ಇನ್ನೊಂದು ಬದಿಯಲ್ಲಿ ಬೇವು, ಬೆಲ್ಲ, ಬೆಣ್ಣೆ, ಬಾಳೆ ಎಂದು ಬರೆಯಬೇಕು. ತಮಿಳಿನ ವಕಾರಕ್ಕೆ ಕನ್ನಡದಲ್ಲಿ ಬಕಾರ ಬರುವುದನ್ನು ಮಕ್ಕಳು ತಾವೇ ಕಂಡುಕೊಳ್ಳುತ್ತಾರೆ. ಹಾಗೆಯೇ ಪಾಲ್–ಹಾಲು, ಪುಳಿ–ಹುಳಿ, ಪುಗೈ–ಹೊಗೆ. ಹಳಗನ್ನಡದಲ್ಲಿಯೂ ಪಕಾರವೇ ಇದ್ದು, ಅನಂತರ ಹಕಾರವಾಯಿತು. ಇಂದಿನ ಕನ್ನಡದಲ್ಲಿ ತುಪ್ಪಕ್ಕೆ ‘ನೆಯ್’ ಎನ್ನುವುದಿಲ್ಲವಾದರೂ ‘ಬೆಣ್ಣೆ’ ಎಂಬುದರಲ್ಲಿ ಅದು ಅಡಗಿದೆ: ಬೆಳ್ ಎಂದರೆ ಬಿಳಿಯದು, ಅದರೊಡನೆ ನೆಯ್ ಸೇರಿದೆ. ‘ಪೊಂಗಲ್’ ಎಂಬುದರ ‘ಪೊಂಗು’ ಧಾತು ಉಕ್ಕು ಎಂಬ ಅರ್ಥದಲ್ಲಿ ಹಳಗನ್ನಡದಲ್ಲಿಯೂ ಇದೆ.

ಅರ್ಥವು ಬೇರೆಬೇರೆ ದಾರಿ ಹಿಡಿದ ಪದಗಳನ್ನೂ ಗಮನಕ್ಕೆ ತರಬೇಕು. ತಮಿಳಿನಲ್ಲಿ ‘ಸಾರು’ ಎಂದರೆ ರಸ. ಕನ್ನಡದಲ್ಲಿ ಅನ್ನಕ್ಕೂ ಮುದ್ದೆಗೂ ಕಲಸಿಕೊಳ್ಳುವ ವ್ಯಂಜನ. ಕನ್ನಡದಲ್ಲಿ ‘ಕೂಳು’ ಎಂಬುದು ಒಂದು ಕಾಲಕ್ಕೆ ಅನ್ನ, ಆಹಾರ ಎಂಬ ಗೌರವದ ಅರ್ಥವನ್ನೇ ಹೊಂದಿದ್ದು, ಇಂದು ಬೈಗುಳದ ಛಾಯೆ ಪಡೆದಿದೆ. ಅದರ ಒಡಹುಟ್ಟಾದ ತಮಿಳಿನ ‘ಕೂಳ್’ ಆಡಿ ಮಾಸದಲ್ಲಿ ಮಾರಿಯಮ್ಮನ ಗುಡಿಗಳಲ್ಲಿ ಪ್ರಸಾದವಾಗಿ ಹಂಚಲ್ಪಡುವ ಗಂಜಿಯ ಹೆಸರು. ಒಂದೇ ಬೇರಿನ ಪದ ಒಂದು ಕಡೆ ಕೀಳಾಗಿ, ಮತ್ತೊಂದು ಕಡೆ ಪವಿತ್ರವಾಗಿ ಉಳಿದಿರುವುದು ಮೇಲ್ತರಗತಿಯ ಮಕ್ಕಳಿಗೆ ಉತ್ತಮ ಚರ್ಚಾವಿಷಯ.

5. ಅಳತೆ. ಚಿಟಿಕೆ, ಹಿಡಿ, ಬೊಗಸೆ, ನಿಂಬೆಗಾತ್ರ ಎಂಬ ಕೈಯಳತೆಗಳನ್ನೂ, ಪಾವು, ಸೇರು, ಪಡಿ ಎಂಬ ಹಳೆಯ ಅಳತೆಗಳನ್ನೂ ಪಟ್ಟಿಮಾಡಿಸಿ, ನಾಲ್ಕು ಪಾವಿಗೆ ಒಂದು ಸೇರು ಎಂಬ ಲೆಕ್ಕವನ್ನು ಗಣಿತದ ಅವಧಿಯೊಡನೆ ಜೋಡಿಸಬಹುದು. ಮೇಲಿನ ಮುದ್ದೆಯ ಅಳತೆಯನ್ನು ಎರಡರಷ್ಟು ಮಾಡಿದರೆ ನೀರೆಷ್ಟು, ಹಿಟ್ಟೆಷ್ಟು ಎಂದು ಕೇಳುವುದು.

ಶಿಕ್ಷಕರಿಗೆ ಹೆಚ್ಚಿನ ಮಾಹಿತಿ

ಕನ್ನಡದಲ್ಲಿ ಅಡುಗೆಯನ್ನು ಬರೆದಿಡುವ ಪರಂಪರೆ ಹಳೆಯದು. 11ನೆಯ ಶತಮಾನದ ಎರಡನೆಯ ಚಾವುಂಡರಾಯನ ‘ಲೋಕೋಪಕಾರ’ದಲ್ಲಿ ಪಾಕವಿಷಯಕ್ಕೆ ಒಂದು ಭಾಗವೇ ಮೀಸಲಾಗಿದೆ, 16ನೆಯ ಶತಮಾನದ ಮೂರನೆಯ ಮಂಗರಸನ ‘ಸೂಪಶಾಸ್ತ್ರ’ವು ಪದ್ಯರೂಪದಲ್ಲಿರುವ ಅಡುಗೆಯ ಗ್ರಂಥ. ಕನಕದಾಸರ ‘ರಾಮಧಾನ್ಯ ಚರಿತೆ’ಯಲ್ಲಿ ರಾಗಿಗೂ ಭತ್ತಕ್ಕೂ ಹಿರಿಮೆಯ ವಿವಾದ ನಡೆದು, ಕೆಡದೆ ಉಳಿದ ರಾಗಿಯನ್ನೇ ಶ್ರೀರಾಮನು ಮೆಚ್ಚುತ್ತಾನೆ. ಆ ಮೆಚ್ಚುಗೆಗೆ ಇಂದು ವಿಜ್ಞಾನದ ಬೆಂಬಲವೂ ಇದೆ: 100 ಗ್ರಾಂ ರಾಗಿಯಲ್ಲಿ ಸುಮಾರು 340ರಿಂದ 360 ಮಿಲಿಗ್ರಾಂ ಕ್ಯಾಲ್ಸಿಯಂ ಇದ್ದು, ಪಾಲಿಷ್ ಮಾಡಿದ ಅಕ್ಕಿಯಲ್ಲಿರುವುದಕ್ಕಿಂತ ಹಲವು ಪಟ್ಟು ಹೆಚ್ಚು. ವಿಶ್ವಸಂಸ್ಥೆಯು 2023ನ್ನು ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವೆಂದು ಆಚರಿಸಿತು. ಮುದ್ದೆಯ ಬುತ್ತಿ ತರಲು ನಾಚುವ ಮಗುವಿಗೆ ಈ ಮಾತುಗಳನ್ನು ಹೇಳಬೇಕು.

ಎಚ್ಚರಿಕೆಗಳು

ಯಾವ ಮನೆಯಲ್ಲಿ ಏನನ್ನು ತಿನ್ನುತ್ತಾರೆ ಎಂಬುದು ಜಾತಿ, ಬಡತನ, ನಂಬಿಕೆಗಳೊಡನೆ ಹೆಣೆದುಕೊಂಡಿರುವ ವಿಷಯ. ಒಬ್ಬರ ಅಡುಗೆಯನ್ನು ಇನ್ನೊಬ್ಬರದರೊಡನೆ ಹೋಲಿಸಿ ಮೇಲುಕೀಳು ಮಾಡಲು ಅವಕಾಶ ಕೊಡಬಾರದು. ಮಾಂಸದಡುಗೆಯನ್ನು ಬರೆದುತಂದ ಮಗುವಿನ ಬರಹವನ್ನೂ ಸಮಾನ ಗೌರವದಿಂದ ಓದಿಸಬೇಕು. ಹಬ್ಬದಲ್ಲಿ ಸಿಹಿ ಮಾಡಲಾಗದ ಮನೆಯ ಮಗುವೂ ತರಗತಿಯಲ್ಲಿರಬಹುದು; ಆದುದರಿಂದ ‘ನಿಮ್ಮ ಮನೆಯಲ್ಲಿ ಏನೇನು ಮಾಡಿದರು?’ ಎಂಬ ಪ್ರಶ್ನೆಗಿಂತ ‘ನಿನಗೆ ಮಾಡಲು ತಿಳಿದ ಒಂದು ಅಡುಗೆ ಯಾವುದು?’ ಎಂಬ ಪ್ರಶ್ನೆ ಲೇಸು. ಅಡುಗೆಯನ್ನು ಹೆಣ್ಣುಮಕ್ಕಳ ಪಾಠವೆಂದು ಗಂಡುಮಕ್ಕಳನ್ನು ಬಿಡಬಾರದು. ತರಗತಿಯಲ್ಲಿ ಒಲೆ ಹಚ್ಚುವುದು ಬೇಡ. ಬೇವುಬೆಲ್ಲ, ಪಾನಕ, ಕೋಸಂಬರಿಯಂತಹ ಬೆಂಕಿಯಿಲ್ಲದ ತಯಾರಿಗಳು ಪ್ರಾತ್ಯಕ್ಷಿಕೆಗೆ ಸಾಕು.

ಮೌಲ್ಯಮಾಪನ

(ಅ) ಮನೆಯ ಒಂದು ಅಡುಗೆಯನ್ನು ಹತ್ತು ವಾಕ್ಯಗಳಲ್ಲಿ ಬರೆಯಿರಿ. ಕನಿಷ್ಠ ನಾಲ್ಕು ಕೃದಂತಾವ್ಯಯಗಳಿರಲಿ.
(ಆ) ‘ಬೇವುಬೆಲ್ಲ’, ‘ಸಿಹಿಗುಂಬಳ’ – ಇವುಗಳನ್ನು ಬಿಡಿಸಿ ಸಮಾಸವನ್ನು ಹೆಸರಿಸಿರಿ. (ಮೊದಲನೆಯದು ದ್ವಂದ್ವ, ಎರಡನೆಯದು ಕರ್ಮಧಾರಯ.)
(ಇ) ನಿಮ್ಮ ಮನೆಯಲ್ಲಿ ಬಳಸುವ, ಪುಸ್ತಕದಲ್ಲಿ ಕಾಣದ ಐದು ಅಡುಗೆಮನೆಯ ಪದಗಳನ್ನು ಅರ್ಥದೊಡನೆ ಬರೆಯಿರಿ.

ಮೂರನೆಯ ಪ್ರಶ್ನೆಗೆ ತಪ್ಪು ಉತ್ತರವೆಂಬುದಿಲ್ಲ. ಎಲ್ಲರ ಉತ್ತರಗಳನ್ನು ಒಂದು ನೋಟುಪುಸ್ತಕದಲ್ಲಿ ಅಕಾರಾದಿಯಾಗಿ ಸೇರಿಸಿ, ಪ್ರತಿವರ್ಷವೂ ಮುಂದುವರಿಸಿದರೆ ಶಾಲೆಗೆ ತನ್ನದೇ ಆದ ಒಂದು ಪದಕೋಶವಾಗುತ್ತದೆ. ಹೇಳಿದ ಅಜ್ಜಿಯರು ಮುಂದೊಂದು ದಿನ ಇಲ್ಲದಿದ್ದರೂ ಅವರ ಮಾತು ಅದರಲ್ಲಿ ಉಳಿಯುತ್ತದೆ.

ಇನ್ನು, ಆರಂಭದಲ್ಲಿ ಕಂಡ ಬಾಲಕಿಯ ವಾಕ್ಯಕ್ಕೆ ಮರಳೋಣ. ಶಿಕ್ಷಕರು ‘ಕಳಿ’ಯನ್ನು ಹೊಡೆದುಹಾಕುವುದರ ಬದಲು ಅದರ ಪಕ್ಕದಲ್ಲಿ ‘ಮುದ್ದೆ ಎಂದೂ ಕರೆಯುತ್ತಾರೆ’ ಎಂದು ಬರೆದರೆ ಸಾಕು. ಮಗುವಿಗೆ ಒಂದು ಪದ ಕಳೆಯುವುದಿಲ್ಲ, ಇನ್ನೊಂದು ಸೇರುತ್ತದೆ. ನಾಳೆ ಆಕೆ ಮತ್ತೊಂದು ವಾಕ್ಯವನ್ನು ಬರೆದುತರುತ್ತಾಳೆ.