ತಾಯಿ, ಕೂಸು ಮತ್ತು ಮೈಸೂರಿನ ಮಿಷನ್ ಆಸ್ಪತ್ರೆ

ಬಡತನದ ಪೆಟ್ಟು ಎಲ್ಲರಿಗಿಂತ ಮೊದಲು ಯಾರಿಗೆ ತಗಲುತ್ತದೆ ಎಂಬ ಪ್ರಶ್ನೆಗೆ ಅರ್ಥಶಾಸ್ತ್ರದ ಪಠ್ಯಪುಸ್ತಕಗಳಲ್ಲಿ ಹಲವು ಉತ್ತರಗಳಿವೆ. ಕೂಲಿಕಾರನಿಗೆ ಎಂದು ಕೆಲವರು, ತುಂಡು ಭೂಮಿಯ ರೈತನಿಗೆ ಎಂದು ಕೆಲವರು ಹೇಳುತ್ತಾರೆ. ಆದರೆ ಇವರಿಬ್ಬರಿಗಿಂತಲೂ ಮೊದಲು ಪೆಟ್ಟು ತಿನ್ನುವ ಒಂದು ಜೀವವಿದೆ. ಅದು ಇನ್ನೂ ಹುಟ್ಟದೆ, ತಾಯಿಯ ಗರ್ಭದಲ್ಲಿರುವ ಕೂಸು. ಈ ಮಾತನ್ನು ಕನಿಕರದಿಂದ ಹೇಳಿದವರು ಹಿಂದೆಯೂ ಇದ್ದರು. ಲೆಕ್ಕವಿಟ್ಟು ತೋರಿಸಿದವರು ವಿರಳ. ಹಾಗೆ ಲೆಕ್ಕವಿಟ್ಟ ಒಂದು ಸ್ಥಳ ನಮ್ಮ ನಾಡಿನ ಮೈಸೂರು ನಗರದಲ್ಲಿಯೇ ಇದೆ ಎಂಬ ಸಂಗತಿ ನನ್ನ ಸಹಪಾಠಿಗಳಲ್ಲಿ ಅನೇಕರಿಗೆ ತಿಳಿದಿರಲಾರದು. ಆದ್ದರಿಂದ ಕ್ರೈಸ್ತ ಸಭೆಗಳು ಬಡ ತಾಯಂದಿರಿಗೂ ಶಿಶುಗಳಿಗೂ ಮಾಡಿದ ಸೇವೆಯನ್ನು ಕುರಿತು ನಾನು ಓದಿ ತಿಳಿದುಕೊಂಡ ಕೆಲವು ವಿಷಯಗಳನ್ನು ವಾಚಕರ ಮುಂದಿಡುತ್ತೇನೆ.

ಹತ್ತೊಂಬತ್ತನೆಯ ಶತಮಾನದ ಭಾರತದಲ್ಲಿ ಹೆರಿಗೆಯೆಂಬುದು ಮನೆಯೊಳಗಿನ ಸಂಗತಿಯಾಗಿತ್ತು. ಸೂಲಗಿತ್ತಿಯ ಕೈಗುಣವೇ ಎಲ್ಲಕ್ಕೂ ಆಧಾರ. ಆ ಕೈಗುಣವನ್ನು ನಾನು ಹಗುರವಾಗಿ ಕಾಣುವವನಲ್ಲ. ಪಾವಗಡ ಸೀಮೆಯ ಸೂಲಗಿತ್ತಿ ನರಸಮ್ಮನವರು ಹಣ ಮುಟ್ಟದೆ ಸಾವಿರಾರು ಹೆರಿಗೆಗಳನ್ನು ಮಾಡಿಸಿ 2018ರಲ್ಲಿ ಪದ್ಮಶ್ರೀ ಪ್ರಶಸ್ತಿಗೆ ಪಾತ್ರರಾದುದನ್ನು ನಾವೆಲ್ಲರೂ ಬಲ್ಲೆವು. ಆದರೆ ಮಗು ಅಡ್ಡವಾಗಿ ನಿಂತಾಗ, ರಕ್ತಸ್ರಾವ ನಿಲ್ಲದಿದ್ದಾಗ, ನಂಜು ಏರಿದಾಗ ಕೈಗುಣವೊಂದರಿಂದ ಪ್ರಾಣ ಉಳಿಯುವುದಿಲ್ಲ. ಅಂಥ ಹೊತ್ತಿನಲ್ಲಿ ವೈದ್ಯನನ್ನು ಕರೆಯೋಣವೆಂದರೆ ವೈದ್ಯರೆಲ್ಲರೂ ಗಂಡಸರು. ಪರಪುರುಷನು ಹೆಂಗಸನ್ನು ಮುಟ್ಟುವುದಕ್ಕೆ ಎಷ್ಟೋ ಮನೆತನಗಳಲ್ಲಿ ಒಪ್ಪಿಗೆಯಿರಲಿಲ್ಲ.

ಈ ಅಡಚಣೆಯನ್ನು ದಾಟುವ ದಾರಿಯನ್ನು ಮಿಷನ್‌ಗಳು ಕಂಡುಕೊಂಡವು. ಅಮೆರಿಕದ ಮೆಥಡಿಸ್ಟ್ ಸಭೆಯು ಕ್ಲಾರಾ ಸ್ವೈನ್ ಎಂಬ ವೈದ್ಯೆಯನ್ನು ಉತ್ತರ ಭಾರತದ ಬರೇಲಿಗೆ ಕಳುಹಿಸಿತು. ಆಕೆ 1870ರಲ್ಲಿ ಅಲ್ಲಿಗೆ ಬಂದು, 1874ರಲ್ಲಿ ಸ್ತ್ರೀಯರಿಗಾಗಿಯೇ ಒಂದು ಆಸ್ಪತ್ರೆಯನ್ನು ತೆರೆದರು. ನಮ್ಮ ಬೆಂಗಳೂರಿನಲ್ಲಿ ಗುಡ್ ಶೆಪರ್ಡ್ ಸಂನ್ಯಾಸಿನಿಯರು 1886ರಲ್ಲಿ ಸೇಂಟ್ ಮಾರ್ಥಾ ಆಸ್ಪತ್ರೆಯನ್ನು ಆರಂಭಿಸಿದರು. ವೆಲ್ಲೂರಿನ ಐಡಾ ಸ್ಕಡರ್ ಅವರ ಕಥೆ ಇನ್ನೂ ಮನಮುಟ್ಟುವಂಥದು. ಮಿಷನರಿ ವೈದ್ಯರೊಬ್ಬರ ಮಗಳಾದ ಆಕೆ ತರುಣಿಯಾಗಿದ್ದಾಗ, ತಿಂಡಿವನದ ಮನೆಯ ಬಾಗಿಲಿಗೆ ಒಂದೇ ರಾತ್ರಿ ಮೂವರು ಗಂಡಸರು ಒಬ್ಬರ ಹಿಂದೊಬ್ಬರು ಬಂದು, ಪ್ರಸವ ವೇದನೆಯಲ್ಲಿದ್ದ ತಮ್ಮ ಮಡದಿಯರನ್ನು ಉಳಿಸಿಕೊಡಬೇಕೆಂದು ಬೇಡಿದರಂತೆ. ಐಡಾ ವೈದ್ಯೆಯಲ್ಲ, ವೈದ್ಯರಾದ ತಂದೆಯನ್ನು ಕರೆದೊಯ್ಯಲು ಬಂದವರು ಒಪ್ಪಲಿಲ್ಲ. ಬೆಳಗಾಗುವಷ್ಟರಲ್ಲಿ ಮೂವರು ತಾಯಂದಿರೂ ತೀರಿಕೊಂಡಿದ್ದರು. ಆಕೆ ಸ್ವದೇಶಕ್ಕೆ ಹೋಗಿ ವೈದ್ಯಶಾಸ್ತ್ರ ಕಲಿತು 1900ರಲ್ಲಿ ಮರಳಿ ಬಂದರು. 1902ರಲ್ಲಿ ಆಸ್ಪತ್ರೆ ಕಟ್ಟಿದರು. 1918ರಲ್ಲಿ ಹೆಣ್ಣುಮಕ್ಕಳಿಗಾಗಿ ವೈದ್ಯಕೀಯ ಶಾಲೆಯನ್ನೇ ತೆರೆದರು. ಇಂದಿನ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜು ಈ ಬೀಜದಿಂದ ಬೆಳೆದ ಮರ.

ಇದೇ ಸಾಲಿಗೆ ಸೇರಿದ್ದು ಮೈಸೂರಿನ ಮಂಡಿ ಮೊಹಲ್ಲದ ಆಸ್ಪತ್ರೆ. ವೆಸ್ಲಿಯನ್ ಮೆಥಡಿಸ್ಟ್ ಮಿಷನ್ ಇದನ್ನು 1906ರಲ್ಲಿ ಸ್ಥಾಪಿಸಿತು. ಮೇರಿ ಕ್ಯಾಲ್ವರ್ಟ್ ಹೋಲ್ಡ್ಸ್‌ವರ್ತ್ ಎಂಬಾಕೆಯ ಸ್ಮಾರಕವಾದುದರಿಂದ ಹೋಲ್ಡ್ಸ್‌ವರ್ತ್ ಮೆಮೋರಿಯಲ್ ಆಸ್ಪತ್ರೆಯೆಂದು ಇದರ ಹೆಸರು. ಆದರೆ ಊರಿನ ಜನರ ಬಾಯಲ್ಲಿ ಅದು ಅಂದಿನಿಂದಲೂ ಮಿಷನ್ ಆಸ್ಪತ್ರೆಯೇ. 1947ರ ಸೆಪ್ಟೆಂಬರಿನಲ್ಲಿ ದಕ್ಷಿಣ ಭಾರತ ಸಭೆ ರಚಿತವಾದ ಮೇಲೆ ಆಸ್ಪತ್ರೆಯು ಆ ಸಭೆಗೆ ಸೇರಿತು. ಹೆರಿಗೆಗೆಂದು ಅಲ್ಲಿಗೆ ಬರುತ್ತಿದ್ದವರಲ್ಲಿ ಎಲ್ಲ ಮತದವರೂ ಇದ್ದರು. ಬಡವರೂ ಇದ್ದರು, ಮಧ್ಯಮ ವರ್ಗದವರೂ ಇದ್ದರು.

ಈ ಆಸ್ಪತ್ರೆಯಲ್ಲಿ ನನ್ನ ಗಮನವನ್ನು ಸೆಳೆದ ಸಂಗತಿ ಅಲ್ಲಿನ ಒಂದು ದಫ್ತರ. 1934ರಿಂದ ಅಲ್ಲಿ ಹುಟ್ಟಿದ ಮಕ್ಕಳ ವಿವರಗಳನ್ನು ಬರೆದಿಟ್ಟ ಕಾಗದಗಳು ಉಳಿದುಬಂದಿವೆ. ಕೂಸಿನ ತೂಕ ಎಷ್ಟು ಪೌಂಡು, ಉದ್ದ ಎಷ್ಟು, ತಲೆಯ ಸುತ್ತಳತೆ ಎಷ್ಟು, ಗರ್ಭಿಣಿಯಾಗಿದ್ದಾಗ ತಾಯಿಯ ತೂಕ ಎಷ್ಟಿತ್ತು, ಆಕೆಯ ಕಟಿಯ ಅಳತೆ ಎಷ್ಟು ಎಂಬುದನ್ನೆಲ್ಲ ಅಲ್ಲಿ ದಾಖಲಿಸಿದ್ದಾರೆ. ರಾತ್ರಿಯ ಪಾಳಿಯಲ್ಲಿ ದಣಿದ ದಾದಿಯೊಬ್ಬಳು ತಕ್ಕಡಿಯ ಮುಂದೆ ನಿಂತು, ಆಗತಾನೆ ಹುಟ್ಟಿದ ಕೂಸಿನ ತೂಕವನ್ನು ಔನ್ಸಿನವರೆಗೆ ಓದಿ ಬರೆಯುವಾಗ, ಮುಂದೊಂದು ದಿನ ಇದನ್ನು ಯಾರಾದರೂ ತೆರೆದು ನೋಡಿಯಾರು ಎಂದು ಎಣಿಸಿರಲಾರಳು. ಬರೆಯುವುದು ಅವಳ ಕೆಲಸವಾಗಿತ್ತು, ಅವಳು ಬರೆದಳು.

ಬರೆದಿಡುವುದರ ಬೆಲೆ ಏನೆಂಬುದು ಬರೆದಿಡದ ಮನೆಗಳಲ್ಲಿ ಹುಟ್ಟಿದವರಿಗೆ ಚೆನ್ನಾಗಿ ತಿಳಿಯುತ್ತದೆ. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗ. ನನ್ನ ಅಜ್ಜಿ ಹಡೆದದ್ದು ಆರು ಮಕ್ಕಳನ್ನು. ಇಬ್ಬರು ವರ್ಷ ತುಂಬುವ ಮೊದಲೇ ಹೋದರು. ಅವರು ಹುಟ್ಟಿದ ತಾರೀಖು ಯಾರಿಗೂ ಗೊತ್ತಿಲ್ಲ. ಒಬ್ಬನು ಮಾರಿಹಬ್ಬದ ಮರುವಾರ ಹುಟ್ಟಿದನೆಂದೂ, ಒಬ್ಬಳು ರಾಗಿ ಕೊಯ್ಲಿನ ಕಾಲದಲ್ಲಿ ಹುಟ್ಟಿದಳೆಂದೂ, "ಕೂಸು ಹಿಡಿಯಷ್ಟಿತ್ತು ಕಣಪ್ಪ" ಎಂದೂ ಅಜ್ಜಿ ಹೇಳುತ್ತಾಳೆ. ಹಿಡಿಯಷ್ಟು ಎಂದರೆ ಎಷ್ಟು? ಅದನ್ನು ತೂಗಿದವರಿಲ್ಲ. ಆ ಮಕ್ಕಳು ಏಕೆ ಉಳಿಯಲಿಲ್ಲವೆಂದು ಕೇಳಿದರೆ, ಅವರ ಋಣ ಅಷ್ಟೇ ಇತ್ತೆಂಬುದೇ ಉತ್ತರ. ಲೆಕ್ಕವಿಲ್ಲದ ಕಡೆ ಕಾರಣವನ್ನು ಹುಡುಕುವುದು ಸಾಧ್ಯವಿಲ್ಲ. ಕಾರಣ ಸಿಗದ ಕಡೆ ಎಲ್ಲವೂ ಹಣೆಬರಹದ ಪಾಲಾಗುತ್ತದೆ.

ಮೈಸೂರಿನ ಈ ಕಾಗದಗಳು ಹೇಗೆ ಬೆಳಕಿಗೆ ಬಂದವೆಂಬುದನ್ನು ತಿಳಿಯಲು ನಾವು ಒಂದು ಗಳಿಗೆ ಇಂಗ್ಲೆಂಡಿಗೆ ಹೋಗಬೇಕು. ಅಲ್ಲಿನ ಹರ್ಟ್‌ಫರ್ಡ್‌ಷೈರ್ ಎಂಬ ಜಿಲ್ಲೆಯಲ್ಲಿ 1911ರಿಂದ ಸೂಲಗಿತ್ತಿಯರೂ ಆರೋಗ್ಯ ಸಂದರ್ಶಕಿಯರೂ ಪ್ರತಿಯೊಂದು ಶಿಶುವಿನ ಜನನದ ತೂಕವನ್ನೂ ಒಂದು ವರ್ಷದ ತೂಕವನ್ನೂ ದಾಖಲಿಸುತ್ತಿದ್ದರು. ಸೌತಾಂಪ್ಟನ್ ವಿಶ್ವವಿದ್ಯಾನಿಲಯದ ಡೇವಿಡ್ ಬಾರ್ಕರ್ ಮತ್ತು ಅವರ ಸಂಗಡಿಗರು ಆ ಪುಸ್ತಕಗಳನ್ನು ಹುಡುಕಿ ತೆಗೆದು, 5,654 ಗಂಡಸರ ಜೀವನ ಮರಣಗಳೊಡನೆ ಹೋಲಿಸಿ 1989ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಕೂಸಾಗಿದ್ದಾಗ ಕಡಿಮೆ ತೂಕವಿದ್ದವರಲ್ಲಿ ಹೃದಯರೋಗದಿಂದ ಸತ್ತವರು ಹೆಚ್ಚಾಗಿದ್ದರು. ಹೃದಯರೋಗವು ಉಂಡು ತೇಗುವ ಸಿರಿವಂತರ ಕಾಯಿಲೆಯೆಂಬ ನಂಬಿಕೆಗೆ ಇದರಿಂದ ದೊಡ್ಡ ಪೆಟ್ಟು ಬಿತ್ತು.

ಇಂಗ್ಲೆಂಡಿನ ಮಾತು ಭಾರತಕ್ಕೂ ಸಲ್ಲುತ್ತದೆಯೇ? ಅದನ್ನು ಪರೀಕ್ಷಿಸಲು ಹಳೆಯ ಜನನದ ದಾಖಲೆಗಳು ಬೇಕು. ಅವು ಮೈಸೂರಿನ ಮಿಷನ್ ಆಸ್ಪತ್ರೆಯಲ್ಲಿ ಸಿಕ್ಕವು. 1990ರ ದಶಕದಲ್ಲಿ ಸಂಶೋಧಕರು ನಗರದಲ್ಲಿ ಮನೆಮನೆಗೆ ಹೋಗಿ, ಆ ಆಸ್ಪತ್ರೆಯಲ್ಲಿ ಹುಟ್ಟಿ ಇನ್ನೂ ಅಲ್ಲಿಯೇ ವಾಸವಾಗಿದ್ದವರನ್ನು ಗುರುತಿಸಿದರು. 1934ರಿಂದ 1954ರವರೆಗೆ ಹುಟ್ಟಿದ 517 ಮಂದಿ ಸ್ತ್ರೀಪುರುಷರನ್ನು ಪರೀಕ್ಷಿಸಿ, 1996ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಪತ್ರಿಕೆಯಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಹುಟ್ಟುವಾಗ ಎರಡೂವರೆ ಕಿಲೋ ಅಥವಾ ಅದಕ್ಕಿಂತ ಕಡಿಮೆ ತೂಗಿದ್ದವರ ಪೈಕಿ ನೂರಕ್ಕೆ 11 ಮಂದಿಗೆ ಹೃದಯರೋಗವಿತ್ತು, 3.1 ಕಿಲೋ ಅಥವಾ ಹೆಚ್ಚು ತೂಗಿದ್ದವರಲ್ಲಿ ನೂರಕ್ಕೆ 3 ಮಂದಿಗೆ ಮಾತ್ರ. ಕೂಸಿನ ತೂಕವೂ ಕಡಿಮೆಯಿದ್ದು ತಾಯಿಯೂ 45 ಕಿಲೋಗಿಂತ ಕಡಿಮೆ ತೂಗುತ್ತಿದ್ದ ಕಡೆ ರೋಗ ಎಲ್ಲಕ್ಕಿಂತ ಹೆಚ್ಚಾಗಿ, ನೂರಕ್ಕೆ 20ರಷ್ಟು ಕಂಡುಬಂತು.

ಇದಕ್ಕೆ ಬಾರ್ಕರ್ ಅವರು ಕೊಟ್ಟ ವಿವರಣೆಯನ್ನು ಬಡ ಸಂಸಾರದ ಹೋಲಿಕೆಯಿಂದ ಸುಲಭವಾಗಿ ಗ್ರಹಿಸಬಹುದು. ಮನೆಯಲ್ಲಿ ದವಸ ಸಾಲದಿದ್ದರೆ ಯಜಮಾನಿ ಏನು ಮಾಡುತ್ತಾಳೆ? ತೀರ ಅಗತ್ಯವಾದುದಕ್ಕೆ ಮೊದಲು ಒದಗಿಸಿ, ಉಳಿದುದರಲ್ಲಿ ಕೈ ಹಿಡಿಯುತ್ತಾಳೆ. ಗರ್ಭದ ಶಿಶುವೂ ಆಹಾರ ಸಾಲದಾದಾಗ ಮಿದುಳಿಗೆ ಮೊದಲು ಒದಗಿಸಿಕೊಂಡು, ರಕ್ತನಾಳ, ಮೂತ್ರಪಿಂಡ, ಮೇದೋಜ್ಜೀರಕಗಳ ಬೆಳವಣಿಗೆಯಲ್ಲಿ ಕಡಿತ ಮಾಡಿಕೊಳ್ಳುತ್ತದೆ. ಆ ಕಡಿತದ ಸಾಲವನ್ನು ಐವತ್ತು ವರ್ಷಗಳ ಮೇಲೆ ತೀರಿಸಬೇಕಾಗುತ್ತದೆ. ಹೀಗೆಂದ ಮಾತ್ರಕ್ಕೆ ಸಣ್ಣಗೆ ಹುಟ್ಟಿದವರೆಲ್ಲರೂ ರೋಗಿಗಳಾಗುತ್ತಾರೆಂದು ತಿಳಿಯಬಾರದು. ತಂಬಾಕು, ಮುಂದಿನ ಆಹಾರ, ದುಡಿಮೆಯ ರೀತಿ ಇವೂ ಕಾರಣಗಳೇ. ಅಲ್ಲದೆ ಕೊರತೆಯಷ್ಟೇ ತೊಂದರೆಯೆಂದೂ ಹೇಳುವಂತಿಲ್ಲ. ಅದೇ ಮೈಸೂರಿನ ದಾಖಲೆಗಳಲ್ಲಿ, ಗಿಡ್ಡಾಗಿ ತುಸು ದಪ್ಪವಾಗಿ ಹುಟ್ಟಿದವರಲ್ಲಿ ಮಧುಮೇಹ ಹೆಚ್ಚಾಗಿ ಕಂಡಿತು. ಇದರಿಂದ ಪ್ರೇರಿತರಾಗಿ 1997-98ರಲ್ಲಿ ಅದೇ ಆಸ್ಪತ್ರೆಯ ಸುಮಾರು 800 ಗರ್ಭಿಣಿಯರನ್ನು ಪರೀಕ್ಷಿಸಿದಾಗ ನೂರಕ್ಕೆ ಸುಮಾರು 6 ಮಂದಿಗೆ ಗರ್ಭಕಾಲದ ಮಧುಮೇಹವಿರುವುದು ತಿಳಿಯಿತು. ಆ ತಾಯಂದಿರ ಮಕ್ಕಳನ್ನು ಹದಿಹರೆಯದವರೆಗೂ ಬಿಡದೆ ಅಭ್ಯಸಿಸಿದ್ದಾರೆ.

ಇಲ್ಲಿ ಒಂದು ಆಕ್ಷೇಪಣೆಯನ್ನು ಎದುರಿಸಲೇಬೇಕು. ಮಿಷನರಿಗಳ ಸೇವೆಯ ಹಿಂದೆ ಮತಪ್ರಚಾರದ ಉದ್ದೇಶವಿತ್ತಲ್ಲವೆ ಎಂದು ಕೇಳುವವರಿದ್ದಾರೆ. ಉದ್ದೇಶವಿತ್ತು, ಅದನ್ನು ಅವರು ಮುಚ್ಚಿಟ್ಟವರೂ ಅಲ್ಲ. ಸೇವೆಯನ್ನು ಮತಾಂತರದ ಸಾಧನವಾಗಿ ಮಾಡಿಕೊಳ್ಳುವುದನ್ನು ಗಾಂಧೀಜಿಯವರು ಸ್ಪಷ್ಟವಾಗಿ ವಿರೋಧಿಸಿದ್ದರು. ಸೇವೆಯು ಸೇವೆಗಾಗಿಯೇ ಇರಬೇಕೆಂಬುದು ಅವರ ನಿಲುವು. ಆ ನಿಲುವು ನನಗೂ ಸರಿಯೆಂದು ತೋರುತ್ತದೆ. ಹಸಿದವನ, ನೋವಿನಲ್ಲಿರುವವಳ ದೈನ್ಯದ ಲಾಭವನ್ನು ಯಾವ ಮತವೂ ಪಡೆಯಬಾರದು. ಆದರೆ ಉದ್ದೇಶವನ್ನು ತೂಗುವಾಗ ಕೆಲಸವನ್ನೂ ಅದೇ ತಕ್ಕಡಿಯಲ್ಲಿಟ್ಟು ತೂಗುವುದು ನ್ಯಾಯ. ಮೈಸೂರಿನ ತಕ್ಕಡಿಗೆ ಕೂಸಿನ ಜಾತಿ ಕಾಣಲಿಲ್ಲ. ಕೂಲಿಯವಳ ಮಗುವಿನ ತಲೆಯ ಸುತ್ತಳತೆಯನ್ನೂ ಗುಮಾಸ್ತರ ಮಡದಿಯ ಮಗುವಿನ ಅಳತೆಯನ್ನೂ ಒಂದೇ ಟೇಪಿನಿಂದ ತೆಗೆದು ಒಂದೇ ಬಗೆಯ ಕಾಗದದಲ್ಲಿ ಬರೆದರು. ಬಡವಳಿಗೆ ಅನ್ನ ಕೊಟ್ಟವರು ನಮ್ಮಲ್ಲಿ ಎಲ್ಲ ಕಾಲಕ್ಕೂ ಇದ್ದರು; ಅವಳ ಮಗುವೂ ಲೆಕ್ಕಕ್ಕೆ ಬರತಕ್ಕದ್ದು ಎಂದು ತಿಳಿದು ಅದನ್ನು ಬರೆದಿಟ್ಟವರಿಗೆ ನಾವು ವಿಶೇಷವಾಗಿ ಋಣಿಗಳಾಗಿರಬೇಕು.

ಸಭೆಗಳು ಆರಂಭಿಸಿದ ಈ ಕಾರ್ಯದ ಬಹುಭಾಗವನ್ನು ಇಂದು ಸರ್ಕಾರ ಹೊತ್ತಿದೆ. ಅದು ಯೋಗ್ಯವೇ ಸರಿ. ಧರ್ಮಸಂಸ್ಥೆಯ ಆಸ್ಪತ್ರೆ ಎಷ್ಟು ದೊಡ್ಡದಾದರೂ ಒಂದು ಊರಿಗೆ ಆದೀತು, ನಾಡಿಗೆ ಆಗಲಾರದು. 1975ರ ಅಕ್ಟೋಬರ್ 2ರಂದು ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಆರಂಭವಾದಾಗ ಕರ್ನಾಟಕದಲ್ಲಿ ಅದಕ್ಕೆ ಮೊದಲು ಆರಿಸಿಕೊಂಡದ್ದು ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರ. ನೂರು ಅಂಗನವಾಡಿಗಳಿಂದ ತೊಡಗಿದ ಆ ಕೆಲಸ ಈಗ ಹಳ್ಳಿಹಳ್ಳಿಗೂ ಮುಟ್ಟಿದೆ. 2017ರಲ್ಲಿ ಆರಂಭವಾದ ಮಾತೃಪೂರ್ಣ ಯೋಜನೆಯು ಗರ್ಭಿಣಿಯರಿಗೂ ಬಾಣಂತಿಯರಿಗೂ ಅಂಗನವಾಡಿಯಲ್ಲಿ ಮಧ್ಯಾಹ್ನದ ಬಿಸಿಯೂಟ ಒದಗಿಸಲು ಹೊರಟಿತು.

ಆದರೆ ಊಟವನ್ನು ಯಾವಾಗ ಕೊಡಬೇಕೆಂಬುದೂ ಒಂದು ಪ್ರಶ್ನೆ. ಮುಂಬಯಿಯ ಕೊಳೆಗೇರಿಗಳಲ್ಲಿ 2006ರಿಂದ 2012ರವರೆಗೆ ನಡೆದ ಪ್ರಯೋಗವೊಂದರಲ್ಲಿ, ಸೊಪ್ಪು, ಹಣ್ಣು, ಹಾಲುಗಳನ್ನು ಬಳಸಿ ಮಾಡಿದ ತಿಂಡಿಯನ್ನು ಹೆಂಗಸರಿಗೆ ಗರ್ಭ ನಿಲ್ಲುವ ಮುಂಚಿನಿಂದಲೇ ಕೊಟ್ಟರು. ಒಟ್ಟಿನಲ್ಲಿ ನೋಡಿದಾಗ ಕೂಸುಗಳ ತೂಕದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಗರ್ಭ ನಿಲ್ಲುವುದಕ್ಕೆ ಮೂರು ತಿಂಗಳಾದರೂ ಮೊದಲು ತಿನ್ನತೊಡಗಿದವರ ಮಕ್ಕಳು ಸರಾಸರಿ 48 ಗ್ರಾಂ ಹೆಚ್ಚು ತೂಗಿದರು. ತೀರ ಬಡಕಲಾದ ತಾಯಂದಿರಲ್ಲಿ ಮಾತ್ರ ಆ ಲಾಭವೂ ಕಾಣಲಿಲ್ಲ. ಹುಡುಗಿಯಾಗಿದ್ದಾಗಿನಿಂದ ಆದ ಕೊರತೆಯನ್ನು ಕೆಲವು ತಿಂಗಳ ಊಟ ತುಂಬಿಕೊಡಲಾರದೆಂದು ಇದರಿಂದ ನನಗೆ ತೋರುತ್ತದೆ. ಕೂಸಿನ ಆರೈಕೆ ಅದರ ತಾಯಿ ಇನ್ನೂ ಶಾಲೆಗೆ ಹೋಗುವ ಹುಡುಗಿಯಾಗಿದ್ದಾಗಲೇ ಮೊದಲಾಗಬೇಕು.

ನಮ್ಮ ಆಚಾರಗಳಲ್ಲಿ ಇದಕ್ಕೆ ಆಸ್ಪದವಿಲ್ಲದಿಲ್ಲ. ಬಯಕೆಯ ಊಟ ಹಾಕುತ್ತೇವೆ. ಸೀಮಂತದ ದಿನ ಮಡಿಲು ತುಂಬುತ್ತೇವೆ. ಬಾಣಂತನಕ್ಕೆ ತವರಿಗೆ ಕರೆದು ತರುತ್ತೇವೆ. ಆದರೆ ಉಳಿದ ದಿನಗಳಲ್ಲಿ ಮನೆಯ ಹೆಂಗಸು ಎಲ್ಲರೂ ಉಂಡ ಮೇಲೆ ಮಿಕ್ಕಿದ್ದನ್ನು ಉಣ್ಣುವುದು ಎಷ್ಟು ಮನೆಗಳಲ್ಲಿ ತಪ್ಪಿದೆ? ಹೆಚ್ಚು ಉಂಡರೆ ಮಗು ದಪ್ಪವಾಗಿ ಹೆರಿಗೆ ಕಷ್ಟವಾದೀತೆಂಬ ಭಯ ಎಷ್ಟು ಹಳ್ಳಿಗಳಲ್ಲಿ ಹೋಗಿದೆ? ಈ ಪ್ರಶ್ನೆಗಳನ್ನು ಕೇಳಲು ಆಸ್ಪತ್ರೆ ಕಟ್ಟಬೇಕಿಲ್ಲ, ವೈದ್ಯನಾಗಬೇಕಿಲ್ಲ.

ಸಹಪಾಠಿಗಳೇ, ರಾಷ್ಟ್ರೀಯ ಸೇವಾ ಯೋಜನೆಯ ಶಿಬಿರಗಳಿಗೆ ನಾವು ಹಳ್ಳಿಗಳಿಗೆ ಹೋಗುತ್ತೇವೆ. ರಸ್ತೆ ಗುಡಿಸಿ, ಗಿಡ ನೆಟ್ಟು ಬರುವುದರ ಜೊತೆಗೆ, ಅಲ್ಲಿನ ಅಂಗನವಾಡಿಯ ತೂಕದ ಪುಸ್ತಕವನ್ನು ಕಾರ್ಯಕರ್ತೆಯ ಜೊತೆ ಕುಳಿತು ನೋಡಬಹುದು. ತೂಗದೆ ಉಳಿದ ಮಕ್ಕಳಿದ್ದರೆ ಅವರನ್ನು ಕರೆತರಲು ನೆರವಾಗಬಹುದು. ತಕ್ಕಡಿ ಕೆಟ್ಟಿದ್ದರೆ ಸಂಬಂಧಪಟ್ಟವರಿಗೆ ಅರ್ಜಿ ಬರೆದುಕೊಡಬಹುದು. ಇದು ಸಣ್ಣ ಕೆಲಸವೇ ಸರಿ. ಮೈಸೂರಿನ ದಾದಿಯರು ಮಾಡಿದ್ದೂ ಇಂಥದೇ ಸಣ್ಣ ಕೆಲಸ. ಅವರು ಅದನ್ನು ದಿನ ತಪ್ಪದೆ, ಮಗು ತಪ್ಪದೆ ಮಾಡಿದರು. ಅದರಿಂದಲೇ ಬಡ ತಾಯಿಯ ತಟ್ಟೆಯಲ್ಲಿ ಕಡಿಮೆಯಾದ ತುತ್ತಿಗೂ, ಐವತ್ತು ವರ್ಷದ ಮಗನ ಎದೆನೋವಿಗೂ ಇರುವ ನಂಟು ಲೋಕಕ್ಕೆ ತಿಳಿಯುವಂತಾಯಿತು.